ನಿಮಗಿದು ಗೊತ್ತೇ? ಸಕ್ಕರೆ ಕಾಯಿಲೆಯವರ ಕಿಡ್ನಿ, ಗಾಜಿನ ಪಟ್ಟಿಯ ಮೇಲೆ

● ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಜರಡಿಗಳಿವೆ. ಈ ಜರಡಿಗೆ ವೈದ್ಯರ ಹೆಸರು ಗ್ಲೊಮೆರುಲಸ್. ಕೂದಲಿಗಿಂತ ಎಷ್ಟೋ ಸಣ್ಣ ರಕ್ತನಾಳಗಳನ್ನು ದಾರದುಂಡೆಯ ಹಾಗೆ ಸುತ್ತಿಟ್ಟ ಗಂಟು ಅದು. ಅಡ್ಡಳತೆ ಮಿಲಿಮೀಟರಿನ ಐದನೇ ಒಂದು ಪಾಲು. ಒಂದು ಗಸಗಸೆ ಕಾಳಿನ ಅಗಲಕ್ಕೆ ನಾಲ್ಕೈದನ್ನು ಸಾಲಾಗಿ ಕೂರಿಸಬಹುದು. ದಿನ ತುಂಬಿ ಹುಟ್ಟಿದ ಮಗು ಎಷ್ಟು ಜರಡಿ ಹೊತ್ತು ತಂದಿರುತ್ತದೋ ಜೀವಮಾನಕ್ಕೆಲ್ಲ ಅಷ್ಟೇ. ಆಮೇಲೆ ಹೊಸದೊಂದು ಸೇರುವುದಿಲ್ಲ.

● ಎರಡೂ ಕಿಡ್ನಿ ಸೇರಿ ದಿನಕ್ಕೆ ಸೋಸುವುದು 180 ಲೀಟರ್. ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್. ರಕ್ತದಲ್ಲಿರುವ ದ್ರವಭಾಗವೇ ಸುಮಾರು ಮೂರು ಲೀಟರ್ ಎಂದಮೇಲೆ, ಅದೇ ಮೂರು ಲೀಟರ್ ದಿನಕ್ಕೆ ಅರವತ್ತು ಸಲ ಜರಡಿಗೆ ಬೀಳುತ್ತದೆ. ಅದರಲ್ಲಿ ಸಕ್ಕರೆ ಹೆಚ್ಚಿದ್ದರೆ ಜರಡಿ ಅದನ್ನು ದಿನಕ್ಕೆ ಅರವತ್ತು ಸಲ ನೋಡುತ್ತದೆ.

● ಈ ಗಂಟುಗಳನ್ನು ಮೊದಲು ಕಂಡವರು ಇಟಲಿಯ ಬೊಲೋನ್ಯಾದ ಮಾರ್ಚೆಲ್ಲೊ ಮಾಲ್ಪೀಗಿ. 1666ರ ತಮ್ಮ ಬರಹದಲ್ಲಿ, ರಕ್ತನಾಳಗಳೆಂಬ ಕೊಂಬೆಗಳಿಗೆ ಇವು ಸೇಬಿನ ಹಣ್ಣಿನಂತೆ ಜೋತಾಡುತ್ತಿವೆ ಎಂದು ವರ್ಣಿಸಿದರು. ಸೇಬನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

● ಕಿಡ್ನಿಯ ಬಯಾಪ್ಸಿ ಎಂದರೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಒಂದು ಎಳೆ ಮಾಂಸ ತೆಗೆಯುವುದು. ಆ ಎಳೆಯ ಉದ್ದ ಒಂದೂವರೆ ಸೆಂಟಿಮೀಟರಿನ ಆಸುಪಾಸು, ದಪ್ಪ ಒಂದು ಮಿಲಿಮೀಟರ್. ನೋಡಲು ಥೇಟ್ ಮುರಿದ ಶಾವಿಗೆ. ಅದರಲ್ಲಿ ಹತ್ತು ಹದಿನೈದು ಜರಡಿ ಸಿಕ್ಕಿದರೆ ಪೆಥಾಲಜಿಸ್ಟ್‌ಗೆ ಸಮಾಧಾನ. ಇಪ್ಪತ್ತು ಲಕ್ಷದ ತೀರ್ಪು ಹತ್ತು ಹದಿನೈದರ ಮೇಲೆ! ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡುವ ಅಡುಗೆಮನೆಯ ವಿದ್ಯೆಯೇ ಇದು.

ಆ ಶಾವಿಗೆಯನ್ನೂ ಮೂರು ಪಾಲು ಮಾಡುತ್ತಾರೆ. ಒಂದು ಸಾಧಾರಣ ಮೈಕ್ರೋಸ್ಕೋಪಿಗೆ, ಒಂದು ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳ ಪರೀಕ್ಷೆಗೆ, ಇನ್ನೊಂದು ಚೂರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ. ಮೊದಲನೆಯದನ್ನು ಮೇಣದಲ್ಲಿ ಹುದುಗಿಸಿ, ಎರಡು ಮೂರು ಮೈಕ್ರಾನ್ ತೆಳುವಿಗೆ ಹೆರೆಯುತ್ತಾರೆ. ನಮ್ಮ ತಲೆಗೂದಲು ಎಪ್ಪತ್ತು ಮೈಕ್ರಾನ್ ಆಸುಪಾಸು ದಪ್ಪ.

● ಜೀವಂತ ಮನುಷ್ಯರ ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆಯುವುದು ರೂಢಿಗೆ ಬಂದದ್ದು 1951ರಲ್ಲಿ ಕೋಪನ್‌ಹೇಗನ್ನಿನ ಐವರ್ಸೆನ್ ಮತ್ತು ಬ್ರೂನ್ ತಮ್ಮ ಅನುಭವ ಪ್ರಕಟಿಸಿದ ಮೇಲೆ. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆಯ ಕಿಡ್ನಿ ಹೇಗಿರುತ್ತದೆ ಎಂದು ತಿಳಿದದ್ದೆಲ್ಲ ಹೆಚ್ಚುಕಡಿಮೆ ಹೆಣ ಕೊಯ್ದು ನೋಡಿದ್ದು. ಕಥೆಯ ಕೊನೆಯ ಪುಟ ಮಾತ್ರ ಸಿಗುತ್ತಿತ್ತು.

● ಕಿಡ್ನಿಯ ಚೂರಿಗೆ ಹಚ್ಚುವ ಮುಖ್ಯ ಬಣ್ಣದ ಹೆಸರು ಪಿಎಎಸ್. ಪೆರಿಯಾಡಿಕ್ ಆಮ್ಲ ಅಂಗಾಂಶದಲ್ಲಿರುವ ಶರ್ಕರದ ಸರಪಳಿಗಳನ್ನು ಒಡೆಯುತ್ತದೆ, ಒಡೆದ ಜಾಗಕ್ಕೆ ಶಿಫ್ ದ್ರಾವಣ ಅಂಟಿ ಗಾಢ ಗುಲಾಬಿ ಏರುತ್ತದೆ. ಅಂದರೆ ಸಕ್ಕರೆ ಕಾಯಿಲೆಯನ್ನು ಹುಡುಕಲು ಬಳಸುವುದು ಸಕ್ಕರೆ ಹಿಡಿಯುವ ಬಣ್ಣವನ್ನೇ. ಹಾಗೆಂದು ನೀವು ಕಾಫಿಗೆ ಹಾಕಿಕೊಂಡ ಸಕ್ಕರೆ ಅಲ್ಲಿ ಕಾಣುತ್ತಿದೆ ಎಂದುಕೊಳ್ಳಬೇಡಿ. ಬಣ್ಣ ಹಿಡಿಯುವುದು ಪ್ರೋಟೀನಿಗೆ ಮೊದಲೇ ಹೆಣೆದುಕೊಂಡಿರುವ ಶರ್ಕರವನ್ನು; ಕಾಯಿಲೆಯಲ್ಲಿ ಆ ಪ್ರೋಟೀನಿನ ರಾಶಿಯೇ ಬೆಳೆದಿರುತ್ತದೆ.

● 1936. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು ಅಮೆರಿಕ ಸೇರಿದ್ದ ಪಾಲ್ ಕಿಮ್ಮೆಲ್‌ಸ್ಟೀಲ್, ಇಂಗ್ಲೆಂಡಿನಿಂದ ಹೋಗಿದ್ದ ಕ್ಲಿಫರ್ಡ್ ವಿಲ್ಸನ್ ಇಬ್ಬರೂ ಬಾಸ್ಟನ್ನಿನಲ್ಲಿ ಎಂಟು ಜನರ ಕಿಡ್ನಿಗಳನ್ನು ನೋಡಿ ಒಂದು ಲೇಖನ ಬರೆದರು. ಜರಡಿಯ ಗಂಟಿನೊಳಗೆ ಗುಂಡುಗುಂಡಾದ ಉಂಡೆಗಳಿದ್ದವು. ಆ ಎಂಟರಲ್ಲಿ ಹೆಚ್ಚಿನವರಿಗೆ ಹಳೆಯ ಸಕ್ಕರೆ ಕಾಯಿಲೆ ಇತ್ತು. ಇಂದಿಗೂ ಆ ಉಂಡೆಗಳ ಹೆಸರು ಕಿಮ್ಮೆಲ್‌ಸ್ಟೀಲ್–ವಿಲ್ಸನ್ ಗಂಟು. ಆಸ್ಪತ್ರೆಯ ಬಾಯಲ್ಲಿ ಕೆಡಬ್ಲ್ಯೂ.

ಪರಿಚಯದ ಪೆಥಾಲಜಿಸ್ಟ್ ಒಬ್ಬರು ಒಮ್ಮೆ ನನ್ನನ್ನು ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಎದುರು ಕೂರಿಸಿ, ‘ನಡುವೆ ಗುಂಡಗಿದೆಯಲ್ಲ, ಅದನ್ನೇ ನೋಡ್ತಾ ಇರಿ’ ಎಂದಿದ್ದರು. ಗುಲಾಬಿ ನೇರಳೆ ಬಣ್ಣದ ನುಣುಪಾದ ಉಂಡೆ. ಒಳಗೆ ಒಂದು ಜೀವಕೋಶವೂ ಇಲ್ಲ, ಬರೀ ಬಣ್ಣ. ಕೋಶಗಳ ನೀಲಿ ಚುಕ್ಕೆಗಳೆಲ್ಲ ಅಂಚಿಗೆ ತಳ್ಳಿಸಿಕೊಂಡು ಸಾಲಾಗಿ ನಿಂತಿವೆ. ಅದರಾಚೆ ಸುತ್ತಲೂ ಹಿಗ್ಗಿದ ರಕ್ತನಾಳಗಳ ಬಳೆ. ತಟ್ಟೆಯ ನಡುವೆ ಮುದ್ದೆ ಇಟ್ಟು ಸುತ್ತ ಸಾರು ಬಿಟ್ಟ ಹಾಗಿದೆ ಎಂದೆ. ಶುಗರ್ ಇದ್ದವರಿಗೆ ರಾಗಿಮುದ್ದೆ ಒಳ್ಳೆಯದು ಎಂದು ಮನೆಮನೆಯಲ್ಲೂ ಹೇಳುವ ನಾಡಿನಲ್ಲಿ ಈ ಹೋಲಿಕೆ ಸರಿಯೋ ತಪ್ಪೋ, ಅವರು ನಕ್ಕರು. ಆಮೇಲೆ ಅದೇ ಕಿಡ್ನಿಯ ಇನ್ನೊಂದು ಪಟ್ಟಿ ಇಟ್ಟರು, ಬೆಳ್ಳಿಯ ಬಣ್ಣ ಹಾಕಿದ್ದು. ಈಗ ಮುದ್ದೆಯೊಳಗೆ ಕಪ್ಪು ಗೆರೆಗಳು, ಅಡ್ಡ ಕೊಯ್ದ ಈರುಳ್ಳಿಯಂತೆ ಸುತ್ತು ಸುತ್ತು.

● ಆ ಸುತ್ತುಗಳು ಹೇಗೆ ಬಂದವು? ಜರಡಿಯ ರಕ್ತನಾಳಗಳನ್ನು ನಡುವಿನಿಂದ ಹಿಡಿದು ಕಟ್ಟಿರುವ ಅಂಗಾಂಶಕ್ಕೆ ಮೆಸಾಂಜಿಯಂ ಎಂದು ಹೆಸರು. ಹೂಮಾಲೆಯ ದಾರ ಇದ್ದ ಹಾಗೆ. ಸಕ್ಕರೆ ಕಾಯಿಲೆಯಲ್ಲಿ ಇದು ಊದುತ್ತದೆ, ಕೆಲವೆಡೆ ಕರಗಿ ಕಟ್ಟು ಸಡಿಲವಾಗುತ್ತದೆ. ಕಟ್ಟು ಬಿಟ್ಟ ರಕ್ತನಾಳ ಬಲೂನಿನಂತೆ ಉಬ್ಬುತ್ತದೆ, ಉಬ್ಬಿದ ಜಾಗವನ್ನು ಹೊಸ ಗಾರೆ ತುಂಬುತ್ತದೆ. ಮತ್ತೆ ಸಡಿಲ, ಮತ್ತೆ ಉಬ್ಬು, ಮತ್ತೆ ಗಾರೆ. ಒಂದೊಂದು ಸುತ್ತೂ ಒಂದೊಂದು ರಿಪೇರಿಯ ಗುರುತು.

● ಗಂಟು ಕಂಡ ಕೂಡಲೇ ಸಕ್ಕರೆ ಕಾಯಿಲೆ ಎಂದು ಷರಾ ಬರೆಯುವಂತಿಲ್ಲ. ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಿದರೂ ಇಂಥದ್ದೇ ಉಂಡೆ ಕಾಣುತ್ತದೆ. ಆದರೆ ಅದು ಬೆಳ್ಳಿ ಬಣ್ಣವನ್ನು ಹಿಡಿಯುವುದಿಲ್ಲ, ಕಾಂಗೊ ರೆಡ್ ಹಾಕಿ ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ರಕ್ತದ ಕೆಲವು ಕಾಯಿಲೆಗಳಲ್ಲೂ ಉಂಡೆ ಕಟ್ಟುತ್ತದೆ. ಇನ್ನು ಶುಗರ್ ಇಲ್ಲವೇ ಇಲ್ಲ, ವರ್ಷಗಟ್ಟಲೆ ಸಿಗರೇಟು ಸೇದಿದ್ದಾರೆ, ಬಿಪಿ ಇದೆ, ಅಂಥವರ ಕಿಡ್ನಿಯಲ್ಲೂ ಇದೇ ಮುದ್ದೆ ಸಿಗುವುದುಂಟು. ಅತ್ತ, ಶುಗರಿನಿಂದಲೇ ಕಿಡ್ನಿ ಕೆಟ್ಟವರಲ್ಲಿ ಬಹುಪಾಲು ಜನಕ್ಕೆ ಈ ಪ್ರಸಿದ್ಧ ಗಂಟು ಇರುವುದೇ ಇಲ್ಲ.

● ಗಂಟು ಬರುವುದು ತಡವಾಗಿ. ಎಲ್ಲಕ್ಕೂ ಮೊದಲು ಬದಲಾಗುವುದು ಜರಡಿಯ ತಳಪೊರೆ, ಅಂದರೆ ರಕ್ತ ಮತ್ತು ಮೂತ್ರದ ನಡುವಿನ ಬಟ್ಟೆ. ಆರೋಗ್ಯವಂತ ಗಂಡಸರಲ್ಲಿ ಇದರ ದಪ್ಪ 370 ನ್ಯಾನೊಮೀಟರ್ ಆಸುಪಾಸು, ಹೆಂಗಸರಲ್ಲಿ 325ರ ಆಸುಪಾಸು. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೊಮೀಟರ್. ಗಂಡಸರಲ್ಲಿ 430, ಹೆಂಗಸರಲ್ಲಿ 395 ದಾಟಿದರೆ ದಪ್ಪವಾಗಿದೆ ಎಂದು ಲೆಕ್ಕ. ನಡುವಿನ ಈ ಅರುವತ್ತು ಎಪ್ಪತ್ತು ನ್ಯಾನೊಮೀಟರನ್ನು ಸಾಧಾರಣ ಮೈಕ್ರೋಸ್ಕೋಪ್ ಅಳೆಯಲಾರದು. 200ಕ್ಕಿಂತ ಸೂಕ್ಷ್ಮವಾದುದನ್ನು ಬೆಳಕೇ ಬಿಡಿಸಿ ತೋರಿಸುವುದಿಲ್ಲ. ಹಾಗಾಗಿ ಮೊದಲ ಹಂತದ ಕಿಡ್ನಿ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಏನೂ ಆಗದಂತೆ ಕಾಣುತ್ತದೆ. ಕಾಯಿಲೆ ಹೊಕ್ಕಿದೆ ಎಂದು ಹೇಳಲು ಎಲೆಕ್ಟ್ರಾನ್ ಬೇಕು.

● ಒಂದು ಕಾಲಕ್ಕೆ ದೊಡ್ಡ ಜಗಳವೇ ಇತ್ತು: ತಳಪೊರೆ ದಪ್ಪವಾದ್ದರಿಂದ ಸಕ್ಕರೆ ಕಾಯಿಲೆಯೋ, ಸಕ್ಕರೆ ಕಾಯಿಲೆಯಿಂದ ತಳಪೊರೆ ದಪ್ಪವೋ? ಹುಟ್ಟಿನಿಂದಲೇ ರಕ್ತನಾಳ ಕೆಟ್ಟಿರುತ್ತದೆ, ಸಕ್ಕರೆ ನೆಪಮಾತ್ರ ಎನ್ನುವವರಿದ್ದರು. ಡೆನ್ಮಾರ್ಕಿನ ರೂತ್ ಓಸ್ಟರ್‌ಬೈ ಕಾಯಿಲೆ ಆಗಷ್ಟೇ ಶುರುವಾದ ಎಳೆಯರ ಬಯಾಪ್ಸಿಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತಾಳ್ಮೆಯಿಂದ ಅಳೆದರು. ಶುರುವಿನಲ್ಲಿ ಪೊರೆ ಎಲ್ಲರಂತೆಯೇ ಇತ್ತು. ದಪ್ಪ ಏರಿದ್ದು ಒಂದೆರಡು ವರ್ಷ ಕಳೆದ ಮೇಲೆ.

1985ರಲ್ಲಿ ಇನ್ನೊಂದು ಸಾಕ್ಷಿ ಬಂತು. ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಕಿಡ್ನಿಯನ್ನು ಹೋಲಿಸಿ ನೋಡಿದರು. ವಂಶವಾಹಿಗಳು ಅಕ್ಷರಶಃ ಅವೇ. ಆದರೂ ಪ್ರತಿ ಜೋಡಿಯಲ್ಲೂ ದಪ್ಪ ಪೊರೆ ಇದ್ದದ್ದು ಕಾಯಿಲೆ ಇದ್ದವರಿಗೇ. ಆ ಜಗಳ ಅಲ್ಲಿಗೆ ತಣ್ಣಗಾಯಿತು.

● ಬಟ್ಟೆ ದಪ್ಪವಾದರೆ ಸೋರುವುದು ಕಮ್ಮಿಯಾಗಬೇಕು, ಅಲ್ಲವೇ? ಇಲ್ಲಿ ಉಲ್ಟಾ. ಪೊರೆ ಮೂರು ಪಟ್ಟು ದಪ್ಪವಾಗಿದ್ದರೂ ಹೊರಗೆ ಬರಬಾರದ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರಕ್ಕೆ ಬರುತ್ತದೆ.

ಕಾರಣ, ಜರಡಿ ಎಂದರೆ ಪೊರೆಯೊಂದೇ ಅಲ್ಲ. ಅದರ ಹೊರಮೈಗೆ ಪೋಡೋಸೈಟ್ ಎಂಬ ಕೋಶಗಳು ಅವುಚಿಕೊಂಡಿರುತ್ತವೆ. ಆಲದ ಬೇರು ಹಳೇ ಗೋಡೆಯನ್ನು ಹಿಡಿದ ಹಾಗೆ, ಒಂದೊಂದಕ್ಕೂ ನೂರಾರು ಪುಟ್ಟ ಪಾದ. ಎರಡು ಕೋಶಗಳ ಪಾದಗಳು ಕೈಬೆರಳು ಹೆಣೆದಂತೆ ಒಂದರೊಳಗೊಂದು ಸೇರಿ, ನಡುವೆ ಉಳಿಯುವ ಕಿರುಸಂದೇ ಕೊನೆಯ ಸೋಸುವ ಬಾಗಿಲು. ಸಕ್ಕರೆ ಕಾಯಿಲೆಯಲ್ಲಿ ಪಾದಗಳು ಅಗಲವಾಗಿ ಚಪ್ಪಟೆಯಾಗುತ್ತವೆ, ಹಿಡಿತ ತಪ್ಪಿದ ಕೋಶ ಕಳಚಿಕೊಂಡು ಮೂತ್ರದ ಜೊತೆ ಹೊರಟುಹೋಗುತ್ತದೆ. ಪೋಡೋಸೈಟ್‌ಗಳು ಸಾಮಾನ್ಯವಾಗಿ ಒಡೆದು ಎರಡಾಗುವ ಜಾತಿಯವಲ್ಲ. ಹೋದದ್ದರ ಜಾಗಕ್ಕೆ ಉಳಿದವು ತಮ್ಮನ್ನೇ ಎಳೆದು ಹರಡಿಕೊಳ್ಳಬೇಕು. ಎಷ್ಟು ದಿನ ಎಳೆದಾವು? ಬರಿದಾದ ಕಡೆ ಜರಡಿ ಗೋಡೆಗೆ ಅಂಟಿ ಕಲೆಯಾಗುತ್ತದೆ.

● ಪ್ರತಿ ಜರಡಿಗೂ ರಕ್ತ ಬರಲು ಒಂದು ಕಿರುನಾಳ, ಹೋಗಲು ಒಂದು. ಬಿಪಿಯಿಂದ ಕೆಟ್ಟ ಕಿಡ್ನಿಯಲ್ಲಿ ಗಾಜಿನಂಥ ಗುಲಾಬಿ ಲೇಪ ಕೂರುವುದು ಸಾಮಾನ್ಯವಾಗಿ ಬರುವ ನಾಳದ ಗೋಡೆಯಲ್ಲಿ ಮಾತ್ರ. ಸಕ್ಕರೆ ಕಾಯಿಲೆಯಲ್ಲಿ ಬರುವ ದಾರಿ, ಹೋಗುವ ದಾರಿ ಎರಡಕ್ಕೂ. ಗಂಟು ಸಿಗದಿದ್ದಾಗ ಪೆಥಾಲಜಿಸ್ಟ್ ಹುಡುಕುವ ಸುಳಿವು ಇದು. ಇನ್ನೊಂದು ಸುಳಿವು, ಜರಡಿಯನ್ನು ಸುತ್ತಿರುವ ಚೀಲದ ಒಳಮೈಗೆ ಮೇಣದ ಹನಿ ಅಂಟಿದಂಥ ಗುಲಾಬಿ ಬಿಂದು.

● ಹೊಳೆಯುವ ಬಣ್ಣದ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಕಿಡ್ನಿ ಒಂದು ಮೋಸ ಮಾಡುತ್ತದೆ. ತಳಪೊರೆಯ ಉದ್ದಕ್ಕೂ ಪ್ರತಿಕಾಯಗಳು ಪೆನ್ಸಿಲಿನಲ್ಲಿ ಎಳೆದ ಗೆರೆಯ ಹಾಗೆ ಹಸಿರಾಗಿ ಹೊಳೆಯುತ್ತವೆ. ದೇಹ ತನ್ನ ಕಿಡ್ನಿಯ ಮೇಲೆ ತಾನೇ ಯುದ್ಧ ಹೂಡುವ ಗುಡ್‌ಪಾಸ್ಚರ್ ಕಾಯಿಲೆಯಲ್ಲಿ ಕಾಣುವುದೂ ಇಂಥದ್ದೇ ಗೆರೆ. ಇಲ್ಲಿ ಮಾತ್ರ ಯಾವ ಯುದ್ಧವೂ ಇಲ್ಲ. ಅಂಟಂಟಾದ ಪೊರೆಗೆ ದಾರಿಹೋಕ ಪ್ರೋಟೀನುಗಳು ಸಿಕ್ಕಿಕೊಂಡಿವೆ, ಅಷ್ಟೇ. ಆಲ್ಬುಮಿನ್‌ಗೆ ಬಣ್ಣ ಕಟ್ಟಿ ನೋಡಿದರೆ ಅದೂ ಅದೇ ಗೆರೆಯಲ್ಲಿ ಹೊಳೆದು ಗುಟ್ಟು ಬಿಟ್ಟುಕೊಡುತ್ತದೆ.

● ಬಹುತೇಕ ಕಾಯಿಲೆಗಳಲ್ಲಿ ಸೋತ ಕಿಡ್ನಿ ಸ್ಕ್ಯಾನಿನಲ್ಲಿ ಒಣಗಿದ ನೆಲ್ಲಿಕಾಯಿಯಂತೆ ಚಿಕ್ಕದಾಗಿರುತ್ತದೆ. ಸಕ್ಕರೆ ಕಾಯಿಲೆಯ ಕಿಡ್ನಿ ಶುರುವಿನಲ್ಲಿ ದೊಡ್ಡದಾಗಿ, ಸೋತ ಮೇಲೂ ಎಷ್ಟೋ ಸಲ ತನ್ನ ಮೊದಲಿನ ಗಾತ್ರ ಬಿಟ್ಟುಕೊಡುವುದಿಲ್ಲ. ‘ಸ್ಕ್ಯಾನಿಂಗ್‌ನಲ್ಲಿ ಕಿಡ್ನಿ ಸೈಜ್ ನಾರ್ಮಲ್ ಇದೆ ಅಂದ್ರು’ ಎಂದು ನಿಟ್ಟುಸಿರು ಬಿಡುವವರಿಗೆ ಇದನ್ನು ಹೇಳಬೇಕು.

● ಇನ್ಸುಲಿನ್ ಬರುವ ಮುಂಚೆ ಸಕ್ಕರೆ ಕಾಯಿಲೆಯಿಂದ ಸತ್ತವರ ಕಿಡ್ನಿಯಲ್ಲಿ, ಸೋಸಿದ ದ್ರವ ಹರಿಯುವ ಕೊಳವೆಗಳ ಕೋಶಗಳು ನೀರುಗುಳ್ಳೆಯಂತೆ ತಿಳಿಯಾಗಿ ಊದಿರುತ್ತಿದ್ದವು. ನೇಪಲ್ಸಿನ ಅರ್ಮಾನಿ 1877ರಲ್ಲಿ, ಜರ್ಮನಿಯ ಎಬ್‌ಸ್ಟೈನ್ 1882ರಲ್ಲಿ ಇದನ್ನು ಬರೆದಿಟ್ಟರು. 1922ರಲ್ಲಿ ಮೊದಲ ಇನ್ಸುಲಿನ್ ಚುಚ್ಚಿದ ಮೇಲೆ ಈ ಊದು ಆಸ್ಪತ್ರೆಗಳಿಂದ ಮೆಲ್ಲಗೆ ಮರೆಯಾಯಿತು. ಈಗ ಇದನ್ನು ಹೆಚ್ಚಾಗಿ ಕಾಣುವವರು ಶವಾಗಾರದ ವೈದ್ಯರು: ಸತ್ತ ಕಾರಣ ತಿಳಿಯದ ವ್ಯಕ್ತಿಗೆ ಕೊನೆಯಲ್ಲಿ ಸಕ್ಕರೆ ವಿಪರೀತ ಏರಿ ರಕ್ತ ಹುಳಿಯಾಗಿತ್ತೇ ಎಂದು ಊಹಿಸಲು.

● 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ, ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತೋ ಇಲ್ಲವೋ ನೋಡುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ 1963ರಲ್ಲಿ ಹ್ಯಾರಿ ಕೀನ್ ಮತ್ತು ಸಂಗಡಿಗರು ಚಮಚಕ್ಕೆ ಎಂದೂ ಸಿಗದಷ್ಟು ಅಲ್ಪ ಆಲ್ಬುಮಿನ್ ಅಳೆಯುವ ವಿಧಾನ ಕಂಡುಹಿಡಿದರು. ಇಂದು ಲ್ಯಾಬಿನಲ್ಲಿ ‘ಮೈಕ್ರೋಆಲ್ಬುಮಿನ್’ ಎಂದು ಬರೆಸುವ ಪರೀಕ್ಷೆಯ ಬೇರು ಅಲ್ಲಿದೆ. ದಿನಕ್ಕೆ 30 ಮಿಲಿಗ್ರಾಂ ಒಳಗಿದ್ದರೆ ಸರಿ, 30ರಿಂದ 300 ಎಚ್ಚರಿಕೆ. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ಬಹಳ ಆಮೇಲೆ, ಕಿಡ್ನಿಯ ಕೆಲಸ ಅರ್ಧದಷ್ಟು ಕೈಬಿಟ್ಟ ಹೊತ್ತಿಗೆ. ‘ಕ್ರಿಯಾಟಿನಿನ್ 1.1, ಏನೂ ತೊಂದರೆಯಿಲ್ಲ’ ಎನ್ನುವವರ ಜರಡಿಯಲ್ಲಿ ಆಗಲೇ ಗಾರೆ ಕೂತಿರಬಹುದು.

● ಗಾಜಿನ ಪಟ್ಟಿಗಳನ್ನು ನಾಲ್ಕು ದರ್ಜೆಯಾಗಿ ಹಂಚುವ ಪದ್ಧತಿ ಬಂದದ್ದು 2010ರಲ್ಲಿ. ಪೊರೆ ಮಾತ್ರ ದಪ್ಪವಾಗಿದ್ದರೆ ಒಂದನೆಯದು. ಮೆಸಾಂಜಿಯಂ ಊದಿದ್ದರೆ ಎರಡು. ಗಂಟು ಕಂಡರೆ, ಒಂದೇ ಒಂದು ಸಾಕು, ಮೂರು. ಅರ್ಧಕ್ಕಿಂತ ಹೆಚ್ಚು ಜರಡಿಗಳು ಪೂರ್ತಿ ಕಲೆಯಾಗಿದ್ದರೆ ನಾಲ್ಕು. ತಮಾಷೆಯೆಂದರೆ ಹೆಸರಾದದ್ದು ಗಂಟು, ಆದರೆ ಕಿಡ್ನಿ ಎಷ್ಟು ದಿನ ನಡೆದೀತು ಎಂಬುದನ್ನು ಹೆಚ್ಚು ಸರಿಯಾಗಿ ಹೇಳುವುದು ಜರಡಿಗಳ ನಡುವಿನ ಜಾಗ. ಅಲ್ಲಿ ಕೊಳವೆಗಳು ಸೊರಗಿ ನಾರು ಎಷ್ಟು ತುಂಬಿದೆ ಎಂಬುದರ ಮೇಲೆ ಮುಂದಿನದು.

● ಶುಗರ್ ಇದ್ದವರ ಕಿಡ್ನಿ ಕೆಟ್ಟರೆ ಅಪರಾಧಿ ಯಾವಾಗಲೂ ಶುಗರ್ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬಯಾಪ್ಸಿಯಾದ ಶುಗರ್ ರೋಗಿಗಳಲ್ಲಿ ಸಕ್ಕರೆ ಕಾಯಿಲೆಯ ಗುರುತು ಮಾತ್ರ ಇದ್ದವರು 37%. 36% ಜನರಿಗೆ ಇದ್ದದ್ದು ಬೇರೆಯೇ ಕಿಡ್ನಿ ಕಾಯಿಲೆ, 27% ಜನರಿಗೆ ಎರಡೂ. ಅನುಮಾನ ಬಂದವರಿಗಷ್ಟೇ ಬಯಾಪ್ಸಿ ಮಾಡುವುದರಿಂದ ಈ ಲೆಕ್ಕ ಎಲ್ಲ ಶುಗರ್ ರೋಗಿಗಳಿಗೂ ಹೊಂದದು, ನಿಜ. ಆದರೂ ಕಣ್ಣಿನ ಹಿಂಪರದೆ ಚೊಕ್ಕಟವಾಗಿದ್ದು ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತಿದ್ದರೆ ವೈದ್ಯರು ಸೂಜಿಯ ಮಾತೆತ್ತುವುದು ಇದಕ್ಕೇ. ಕಣ್ಣಿನ ರಕ್ತನಾಳಕ್ಕೂ ಕಿಡ್ನಿಯ ರಕ್ತನಾಳಕ್ಕೂ ಈ ವಿಷಯದಲ್ಲಿ ಅಕ್ಕತಂಗಿಯರ ಸಂಬಂಧ.

● ಭಾರತದ ಕಿಡ್ನಿ ರೋಗಿಗಳ ದಾಖಲೆ 2012ರಲ್ಲಿ ಪ್ರಕಟವಾದಾಗ ಅದರಲ್ಲಿ 52,273 ಹೆಸರುಗಳಿದ್ದವು. ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಮೊದಲ ಕಾರಣ ಸಕ್ಕರೆ ಕಾಯಿಲೆ, 31%. ದೇಶದಲ್ಲಿ ಶುಗರ್ ಇರುವವರು 10.1 ಕೋಟಿ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು.

● ಈಗ ಸೇಬಿನ ವಿಷಯ. 1835ರಲ್ಲಿ ರಸಾಯನಜ್ಞರು ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಝಿನ್ ಎಂಬ ಕಹಿ ವಸ್ತು ಬೇರ್ಪಡಿಸಿದರು. ಅದನ್ನು ತಿಂದವರ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂಬುದು ಆ ಶತಮಾನ ಮುಗಿಯುವುದರೊಳಗೆ ತಿಳಿಯಿತು. ಇವತ್ತು ಕಿಡ್ನಿ ಉಳಿಸಲು ಬರೆದುಕೊಡುವ, ಹೆಸರಿನ ಕೊನೆಗೆ ‘ಗ್ಲಿಫ್ಲೋಝಿನ್’ ಎಂದಿರುವ ಮಾತ್ರೆಗಳು ಆ ತೊಗಟೆಯ ಮರಿಮಕ್ಕಳು. ಸಕ್ಕರೆಯನ್ನು ಹೊರಗೆ ಬಿಡುವುದರ ಜೊತೆಗೆ ಅವು ಜರಡಿಗೆ ಬರುವ ನಾಳವನ್ನು ಕೊಂಚ ಬಿಗಿದು ಒಳಗಿನ ಒತ್ತಡ ಇಳಿಸುತ್ತವೆ. ಈ ಗುಂಪಿನ ಮಾತ್ರೆಯಿಂದ ಕಿಡ್ನಿ ಉಳಿಯುತ್ತದೆ ಎಂಬುದನ್ನು 4,401 ರೋಗಿಗಳ ಮೇಲಿನ ದೊಡ್ಡ ಪ್ರಯೋಗ 2019ರಲ್ಲಿ ಎತ್ತಿಹಿಡಿಯಿತು. ಮಾಲ್ಪೀಗಿ ಕಂಡ ಸೇಬುಗಳಿಗೆ ಸೇಬಿನ ಮರದ್ದೇ ಮದ್ದು.

● ಒಳ್ಳೆಯ ಕಿಡ್ನಿಯನ್ನು ಶುಗರ್ ಇರುವವರಿಗೆ ಕಸಿ ಮಾಡಿದರೆ, ಕೆಲವೇ ವರ್ಷಗಳಲ್ಲಿ ಅದರಲ್ಲೂ ಸಕ್ಕರೆ ಕಾಯಿಲೆಯ ಗುರುತು ಕಾಣಿಸಿಕೊಳ್ಳುತ್ತದೆ. ತಿರುಗುಮುರುಗಾದರೆ? ಕುವೈತಿನ ವೈದ್ಯರು ಸಕ್ಕರೆ ಕಾಯಿಲೆಯಿದ್ದ ಮೃತ ದಾನಿಯ ಎರಡು ಕಿಡ್ನಿಗಳನ್ನು ಆ ಕಾಯಿಲೆ ಇಲ್ಲದ ಇಬ್ಬರಿಗೆ ಹಾಕಿದ್ದರು. ಹೊಸ ಮೈ ಸೇರಿದ ಮೇಲೆ ಹಳೆಯ ಗುರುತುಗಳು ಅಳಿಸುತ್ತ ಬಂದವು ಎಂದು 1983ರಲ್ಲಿ ವರದಿಯಾಯಿತು.

● ಮನುಷ್ಯರ ಸ್ವಂತ ಕಿಡ್ನಿಯಲ್ಲೇ ಇದು ಸಾಧ್ಯವೇ? ಅಮೆರಿಕದ ಮಿನೆಸೋಟಾದಲ್ಲಿ ಟೈಪ್ ಒನ್ ಸಕ್ಕರೆ ಕಾಯಿಲೆಯವರಿಗೆ ಮೇದೋಜೀರಕ ಗ್ರಂಥಿಯನ್ನು ಕಸಿ ಮಾಡಿದರು. ಗ್ರಂಥಿ ಕೂತಿತು, ಸಕ್ಕರೆ ತಾನಾಗಿ ಹತೋಟಿಗೆ ಬಂತು, ಇನ್ಸುಲಿನ್ ಚುಚ್ಚುವ ಅಗತ್ಯ ಉಳಿಯಲಿಲ್ಲ. ಐದು ವರ್ಷದ ಮೇಲೆ ಬಯಾಪ್ಸಿ ಮಾಡಿ ನೋಡಿದರೆ ಕಿಡ್ನಿಯಲ್ಲಿ ಏನೇನೂ ಸುಧಾರಣೆ ಇಲ್ಲ. ಪೊರೆ ಅಷ್ಟೇ ದಪ್ಪ, ಗಾರೆ ಅಷ್ಟೇ ರಾಶಿ. ಪಾವೊಲಾ ಫಿಯೊರೆಟ್ಟೊ, ಮೈಕೆಲ್ ಮಾವರ್ ಮತ್ತು ಸಂಗಡಿಗರು 1993ರಲ್ಲಿ ಅದನ್ನೇ ಬರೆದರು: ಐದು ವರ್ಷ ಸಕ್ಕರೆ ಸರಿಯಿದ್ದರೂ ಆದ ಹಾನಿ ವಾಪಸಾಗಲಿಲ್ಲ.

ಆದರೂ ಅವರು ಕೈಬಿಡಲಿಲ್ಲ. ಹತ್ತನೇ ವರ್ಷ ಎಂಟು ಜನರಿಗೆ ಮತ್ತೆ ಸೂಜಿ ಹಾಕಿದರು. 1998ರಲ್ಲಿ ಅಚ್ಚಾದ ಆ ಲೇಖನದಲ್ಲಿ ಒಬ್ಬರದೇ ಕಿಡ್ನಿಯ ಮೂರು ಚಿತ್ರಗಳಿವೆ. ಕಸಿಯ ಮುಂಚಿನದರಲ್ಲಿ ಊದಿದ ಮೆಸಾಂಜಿಯಂ, ಗಂಟು. ಐದನೇ ವರ್ಷದ್ದರಲ್ಲೂ ಅದೇ ಗಂಟು. ಹತ್ತನೇ ವರ್ಷದ ಚಿತ್ರದಲ್ಲಿ ಗಂಟಿಲ್ಲ, ಅದರ ಜಾಗದಲ್ಲಿ ತೆರೆದುಕೊಂಡ ರಕ್ತನಾಳಗಳು.